ಕಟ್ಟ ಕಟ್ಟುವ ಬೀವರ್‌ಗೆ ವರ್ಗಾವಣೆ

ಅಮೆರಿಕದಲ್ಲಿ ವಾಷಿಂಗ್ಟನ್ ಎಂಬ ಹೆಸರಿನ ಎರಡು ಜಾಗಗಳಿವೆ. ಒಂದು, ನಾವು ಪತ್ರಿಕೆಗಳಲ್ಲಿ ದಿನವೂ ಓದುವ ರಾಜಧಾನಿ. ಅದು ದೇಶದ ಪೂರ್ವದ ಅಂಚಿನಲ್ಲಿದೆ. ಇನ್ನೊಂದು, ಅಲ್ಲಿಂದ ಸುಮಾರು 3,700 ಕಿ.ಮೀ. ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ಬದಿಯಲ್ಲಿರುವ ವಾಷಿಂಗ್ಟನ್ ರಾಜ್ಯ. ಸಿಯಾಟಲ್ ನಗರ ಇರುವುದು ಇಲ್ಲಿ. ಮಿಷನ್ ಕೆಲಸದ ಬಗ್ಗೆ ಅಲ್ಲಿನ ಕೆಲವು ಚರ್ಚುಗಳಲ್ಲಿ ಮಾತನಾಡಲು ಹೋದ ನಾವು ಇಬ್ಬರು ಗುರುಗಳು, ಸಿಕ್ಕಿದ ನಾಲ್ಕು ದಿನಗಳ ಬಿಡುವಿನಲ್ಲಿ ಈ ರಾಜ್ಯದ ಒಳಭಾಗದ ಒಂದು ಕಣಿವೆಯನ್ನು ನೋಡಿ ಬಂದೆವು. ಅದರ ಹೆಸರು ಮೆಟ್‌ಹೌ.

ಸಿಯಾಟಲ್‌ನಿಂದ ಅಲ್ಲಿಗೆ ಸುಮಾರು 300 ಕಿ.ಮೀ. ದಾರಿ. ನಡುವೆ ಕ್ಯಾಸ್ಕೇಡ್ ಪರ್ವತಗಳನ್ನು ದಾಟಬೇಕು. 1972ರಲ್ಲಿ ತೆರೆದ ಈ ಘಾಟಿ ರಸ್ತೆ ಐದು ಸಾವಿರ ಅಡಿಗೂ ಮಿಕ್ಕಿ ಏರುತ್ತದೆ. ಚಳಿಗಾಲದಲ್ಲಿ ಹಿಮ ಜಾರಿ ಬೀಳುವ ಭಯದಿಂದ ತಿಂಗಳುಗಟ್ಟಲೆ ಇದನ್ನು ಮುಚ್ಚಿಬಿಡುತ್ತಾರೆ. ಪಶ್ಚಿಮದ ಇಳಿಜಾರಿನಲ್ಲಿ ಪಾಚಿ ಹಿಡಿದ ದಟ್ಟ ಕಾಡು, ಜಿನುಗುವ ಮಳೆ. ಘಾಟಿ ದಾಟಿ ಪೂರ್ವಕ್ಕೆ ಇಳಿದ ಕೂಡಲೇ ಒಣ ಹುಲ್ಲು, ಪೈನ್ ಮರ, ನೀಲಿ ಆಕಾಶ. ನಮ್ಮ ಪಶ್ಚಿಮ ಘಟ್ಟ ಹತ್ತಿ ಬಯಲುಸೀಮೆಗೆ ಇಳಿದ ಹಾಗೆಯೇ. ಕಾಸರಗೋಡಿನ ನಮಗೆ ವರ್ಷಕ್ಕೆ ಸುಮಾರು 140 ಇಂಚು ಮಳೆ; ಮೆಟ್‌ಹೌ ಕಣಿವೆಯ ವಿಂತ್ರಾಪ್ ಎಂಬ ಪುಟ್ಟ ಪೇಟೆಗೆ ಹಿಮವೂ ಸೇರಿ 15 ಇಂಚಿನ ಆಸುಪಾಸು ಅಷ್ಟೇ.

ಹಾಗಾದರೆ ಅಲ್ಲಿನ ಜನ ಬದುಕುವುದು ಹೇಗೆ? ಬೆಟ್ಟದ ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮ ಕರಗಿ ತೊರೆಗಳಲ್ಲಿ ಇಳಿದು ಬರುತ್ತದೆ. ಸುಮಾರು 130 ಕಿ.ಮೀ. ಹರಿದು ಪಟೇರೋಸ್ ಊರಿನಲ್ಲಿ ಕೊಲಂಬಿಯಾ ಮಹಾನದಿಯನ್ನು ಸೇರುವ ಮೆಟ್‌ಹೌ ಹೊಳೆಗೆ ಆ ಹಿಮವೇ ಮುಖ್ಯ ಬಂಡವಾಳ. ಸೇಬಿನ ತೋಟ, ದನಗಳ ಹುಲ್ಲುಗಾವಲು, ಸಾಲ್ಮನ್ ಮೀನು ಎಲ್ಲಕ್ಕೂ ಅದೇ ಆಧಾರ. ಆದರೆ ಹವೆ ಬಿಸಿಯಾಗುತ್ತಾ ಬಂದಂತೆ ಹಿಮ ಬೇಗನೆ ಕರಗುತ್ತದೆ. ವಸಂತದಲ್ಲಿ ಒಮ್ಮೆಲೇ ನೆರೆ, ಆಗಸ್ಟಿನಲ್ಲಿ ಬರಿದಾದ ತೊರೆ. ಮಳೆಗಾಲದಲ್ಲಿ ಕೆಂಪು ನೀರು ಉಕ್ಕಿ, ಮಾರ್ಚ್ ತಿಂಗಳಿಗೆ ತೋಡು ಬತ್ತುವ ನಮ್ಮ ಊರಿನವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನವರು ಇದಕ್ಕೆ ಕಂಡುಕೊಂಡ ಒಂದು ಉಪಾಯವೇ ಈ ಲೇಖನದ ವಿಷಯ.

ಯಾರು ಈ ಬೀವರ್?

ಬೀವರ್ ಎಂದರೆ ನಮ್ಮ ಹೊಳೆಗಳಲ್ಲಿ ಕಾಣುವ ನೀರುನಾಯಿಯಲ್ಲ. ನೀರುನಾಯಿ ಮೀನು ತಿನ್ನುತ್ತದೆ. ಬೀವರ್ ಶುದ್ಧ ಸಸ್ಯಾಹಾರಿ. ಮುಳ್ಳುಹಂದಿಯಂತೆ ಇದೂ ಇಲಿಯ ಬಳಗದ ಪ್ರಾಣಿ, ಆದರೆ ತೂಕ 15ರಿಂದ 30 ಕಿಲೋ. ದೋಸೆ ಮಗುಚುವ ಸಟ್ಟುಗದಂತೆ ಚಪ್ಪಟೆಯಾದ ಬಾಲ. ಹಲ್ಲುಗಳಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅವು ಕಿತ್ತಳೆ ಬಣ್ಣ. ಆ ಹಲ್ಲುಗಳಿಂದ ಮರವನ್ನು ಸುತ್ತಲೂ ಕಡಿದು ಉರುಳಿಸುತ್ತದೆ. ತೊಗಟೆ ತಿಂದು, ಉಳಿದ ಕೊಂಬೆಗಳನ್ನು ಎಳೆದು ತಂದು, ಕಲ್ಲು ಮಣ್ಣು ಮೆತ್ತಿ ತೊರೆಗೆ ಅಡ್ಡಲಾಗಿ ಒಡ್ಡು ಕಟ್ಟುತ್ತದೆ. ನೀರು ನಿಂತು ಕೊಳವಾದ ಮೇಲೆ ಅದರ ನಡುವೆ ಕೊಂಬೆಗಳ ಮನೆ. ಮನೆಯ ಬಾಗಿಲು ನೀರಿನ ಅಡಿಯಲ್ಲಿ. ತೋಳ, ಕರಡಿಗಳಿಗೆ ಪ್ರವೇಶವಿಲ್ಲ. ಗಂಡು ಹೆಣ್ಣು ಜೋಡಿಯಾಗಿ ಬಾಳುತ್ತವೆ. ಮರಿಗಳು ಸಾಮಾನ್ಯವಾಗಿ ಎರಡು ವರ್ಷ ಅಪ್ಪ ಅಮ್ಮನ ಜೊತೆಗಿದ್ದು ಕೆಲಸ ಕಲಿತು ಬೇರೆ ಮನೆ ಮಾಡುತ್ತವೆ.

ಏತಡ್ಕದ ಕಡೆ ಸಾಲು ಸಾಲಾಗಿ ಕಟ್ಟಗಳನ್ನು ನೋಡಿದವರಿಗೆ ಬೀವರ್ ಬೇಗ ಅರ್ಥವಾಗುತ್ತದೆ. ಮಳೆ ನಿಂತ ಮೇಲೆ ಕಲ್ಲು, ಮಣ್ಣು ಹಾಕಿ ತೋಡಿಗೆ ತಾತ್ಕಾಲಿಕ ಕಟ್ಟ ಕಟ್ಟಿ, ನೀರನ್ನು ನಿಲ್ಲಿಸಿ, ಸುತ್ತಲಿನ ಬಾವಿಗಳಿಗೂ ತೋಟಗಳಿಗೂ ಇಂಗಿಸಿದ ನಮ್ಮ ಹಿರಿಯರ ಕೆಲಸವನ್ನೇ ಈ ಪ್ರಾಣಿ ಕೂಲಿ ಇಲ್ಲದೆ ಮಾಡುತ್ತದೆ. ಒಂದು ವ್ಯತ್ಯಾಸವಿದೆ: ನೆರೆಗೆ ಕಟ್ಟ ಒಡೆದರೆ ಪಂಚಾಯತಿಗೆ ಅರ್ಜಿ ಕೊಡುವುದಿಲ್ಲ, ಅದೇ ರಾತ್ರಿ ರಿಪೇರಿ ಮಾಡುತ್ತದೆ!

ಟೋಪಿಗಾಗಿ ಹೋದ ಜೀವ

ಯುರೋಪಿಯನ್ನರು ಬರುವ ಮೊದಲು ಉತ್ತರ ಅಮೆರಿಕದಲ್ಲಿ ಕನಿಷ್ಠ ಆರು ಕೋಟಿ ಬೀವರ್‌ಗಳಿದ್ದವೆಂದು ಅಂದಾಜು. ಅದರ ತುಪ್ಪಳದ ಒಳಪದರದಿಂದ ತಯಾರಾಗುವ ಟೋಪಿ ಯುರೋಪಿನ ಶ್ರೀಮಂತರ ಗೌರವದ ಗುರುತಾಯಿತು. 1670ರಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪೆನಿಯ ಲಾಂಛನದಲ್ಲೇ ನಾಲ್ಕು ಬೀವರ್‌ಗಳಿದ್ದವು. 1820ರ ದಶಕದಲ್ಲಿ ಈ ಬ್ರಿಟಿಷ್ ಕಂಪೆನಿ ಕೊಲಂಬಿಯಾ ನದಿಯ ದಕ್ಷಿಣದ ನಾಡಿನಲ್ಲಿ ಒಂದು ಬೀವರನ್ನೂ ಉಳಿಸಬಾರದೆಂದು ತೀರ್ಮಾನಿಸಿತು. ಕಾರಣ? ಬೀವರ್ ಇಲ್ಲದಿದ್ದರೆ ಅಮೆರಿಕದ ಬೇಟೆಗಾರರು ಆ ಕಡೆ ಬರಲಾರರು ಎಂಬ ಲೆಕ್ಕಾಚಾರ. ಎರಡು ದೇಶಗಳ ಗಡಿ ಜಗಳಕ್ಕೆ ಮೂಕಪ್ರಾಣಿ ಬಲಿಯಾಯಿತು. 1900ರ ಹೊತ್ತಿಗೆ ಬಹುಪಾಲು ತೊರೆಗಳಲ್ಲಿ ಅದರ ಸುಳಿವೇ ಇರಲಿಲ್ಲ.

ನಮ್ಮ ಧರ್ಮಸಭೆಗೂ ಬೀವರ್‌ಗೂ ಒಂದು ಹಳೆಯ ನಂಟಿದೆ. 17ನೇ ಶತಮಾನದಲ್ಲಿ ಕ್ವಿಬೆಕ್‌ನ ಧರ್ಮಾಧ್ಯಕ್ಷರಾಗಿದ್ದ ಫ್ರಾನ್ಸ್ವಾ ದ ಲಾವಾಲ್ ಅವರ ಕಾಲದಲ್ಲಿ, ತಪಸ್ಸುಕಾಲದ ಶುಕ್ರವಾರಗಳಂದು ಬೀವರ್ ಮಾಂಸ ತಿನ್ನಬಹುದೇ ಎಂಬ ಪ್ರಶ್ನೆ ಎದ್ದಿತಂತೆ. ನೀರಿನಲ್ಲಿ ಬದುಕುವ, ಮೀನಿನಂತೆ ಪೊರೆ ಪೊರೆಯಾದ ಬಾಲವಿರುವ ಪ್ರಾಣಿಯಾದ್ದರಿಂದ ಅದನ್ನು ಮೀನಿನ ಲೆಕ್ಕಕ್ಕೆ ಸೇರಿಸಬಹುದೆಂದು ಪ್ಯಾರಿಸ್‌ನ ಪಂಡಿತರು ಉತ್ತರಿಸಿದರೆಂದು ಹೇಳುತ್ತಾರೆ. ಲಾವಾಲ್ ಅವರನ್ನು 2014ರಲ್ಲಿ ಜಗದ್ಗುರು ಫ್ರಾನ್ಸಿಸ್ ಸಂತರ ಸಾಲಿಗೆ ಸೇರಿಸಿದರು. ಪಾಪ, ಬೀವರ್‌ಗೆ ಮಾತ್ರ ಶುಕ್ರವಾರವೂ ಬಿಡುವು ಸಿಗಲಿಲ್ಲ!

ಬೀವರ್ ಹೋದ ಮೇಲೆ ಅದರ ಒಡ್ಡುಗಳೂ ಒಡೆದವು. ತಡೆ ಇಲ್ಲದ ನೀರು ವೇಗವಾಗಿ ಹರಿದು ತೊರೆಯ ತಳವನ್ನು ಕೊರೆಯುತ್ತಾ ಹೋಯಿತು. ತೊರೆ ಆಳವಾದಷ್ಟೂ ಬದಿಯ ನೆಲದ ತೇವ ಇಳಿಯಿತು, ಹಸಿರು ಒಣಗಿತು. ನೀರು ಏಕೆ ನಿಲ್ಲುತ್ತಿಲ್ಲವೆಂದು ಕೇಳಿದಾಗ, ಕಟ್ಟ ಕಟ್ಟುವವನನ್ನೇ ಓಡಿಸಿದ್ದೇವೆಂದು ಗೊತ್ತಾಗಲು ಬಹುಕಾಲ ಬೇಕಾಯಿತು.

ಪೆಟ್ಟಿಗೆಯಲ್ಲಿ ಬಂದ ಬೀವರ್

ಬೇಟೆಗೆ ಕಡಿವಾಣ ಬಿದ್ದ ಮೇಲೆ ಬೀವರ್ ನಿಧಾನವಾಗಿ ಮರಳಿತು. ಆದರೆ ಮರಳಿದ್ದು ಮನುಷ್ಯ ಮನೆ, ರಸ್ತೆ, ತೋಟ ಮಾಡಿಕೊಂಡ ತಗ್ಗು ಪ್ರದೇಶಗಳಿಗೂ ಸಹ. ರಸ್ತೆಯ ಮೋರಿಯನ್ನು ಅದು ತುಂಬಿಬಿಟ್ಟರೆ ರಸ್ತೆ ಮುಳುಗುತ್ತದೆ. ನೀರಾವರಿ ಕಾಲುವೆಗೆ ಒಡ್ಡು ಹಾಕಿದರೆ ಕೆಳಗಿನ ರೈತ ನೀರಿಲ್ಲದೆ ಕೂರಬೇಕು. ಒಂದೇ ರಾತ್ರಿ ಸೇಬಿನ ಗಿಡಗಳು ಬುಡ ಕಡಿದು ಮಲಗಿರುತ್ತವೆ. ಆಗ ಉಪದ್ರವದ ಪ್ರಾಣಿ ಎಂಬ ಹಣೆಪಟ್ಟಿ.

ಅಂಥವುಗಳನ್ನು ಕೊಲ್ಲದೆ ಬೇರೆಡೆಗೆ ಒಯ್ಯುವ ಯೋಚನೆ ಹೊಸದೇನಲ್ಲ. ನೆರೆಯ ಐಡಹೋ ರಾಜ್ಯದಲ್ಲಿ ಮೊದಲು ಕುದುರೆ, ಹೇಸರಗತ್ತೆಗಳ ಮೇಲೆ ಸಾಗಿಸಿದರು. ಬಿಸಿಲಿನಲ್ಲಿ ಬೀವರ್‌ಗಳು ಸೋತುಹೋಗುತ್ತಿದ್ದವು. ಅವುಗಳ ವಾಸನೆಗೆ ಕುದುರೆಗಳು ಬೆದರುತ್ತಿದ್ದವು. ಎರಡನೇ ಮಹಾಯುದ್ಧ ಮುಗಿದು ಪ್ಯಾರಾಚೂಟುಗಳು ಅಗ್ಗವಾಗಿ ಸಿಗುತ್ತಿದ್ದ ಸಮಯ. ವನ್ಯಜೀವಿ ಇಲಾಖೆಯ ಎಲ್ಮೊ ಹೀಟರ್ ಎಂಬವರು, ನೆಲ ಮುಟ್ಟಿದ ಕೂಡಲೇ ತಾನೇ ತೆರೆದುಕೊಳ್ಳುವ ಮರದ ಪೆಟ್ಟಿಗೆಯನ್ನು ರೂಪಿಸಿದರು. ಜೆರೋನಿಮೊ ಎಂದು ಹೆಸರಿಟ್ಟ ಒಂದು ಮುದಿ ಬೀವರನ್ನು ಅದರಲ್ಲಿ ಕೂರಿಸಿ ಮತ್ತೆ ಮತ್ತೆ ವಿಮಾನದಿಂದ ಇಳಿಸಿ ಪರೀಕ್ಷಿಸಿದರು. ಕೊನೆಗೆ ಅದಕ್ಕೆ ಎಷ್ಟು ಅಭ್ಯಾಸವಾಯಿತೆಂದರೆ, ಹಿಡಿಯಲು ಬಂದವರನ್ನು ಕಂಡರೆ ತಾನೇ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತಿತ್ತು. 1948ರಲ್ಲಿ ಒಟ್ಟು 76 ಬೀವರ್‌ಗಳನ್ನು ಹೀಗೆ ದುರ್ಗಮ ಕಾಡಿಗೆ ಇಳಿಸಿದರು; ಸತ್ತದ್ದು ಒಂದು ಮಾತ್ರ. ಜೆರೋನಿಮೊಗೆ ಸೇವೆಯ ಗೌರವವಾಗಿ ಮೊದಲ ವಿಮಾನದಲ್ಲೇ ಜಾಗ ಸಿಕ್ಕಿತು. ಜೊತೆಗೆ ಮೂರು ಎಳೆಯ ಹೆಣ್ಣು ಬೀವರ್‌ಗಳು.

ಮೆಟ್‌ಹೌ ಕಣಿವೆಯಲ್ಲಿ ಈ ಕೆಲಸ ಆರಂಭವಾದದ್ದು 2008ರಲ್ಲಿ. ಅರಣ್ಯ ಇಲಾಖೆಯ ಜೀವವಿಜ್ಞಾನಿಯಾಗಿದ್ದ ಕೆಂಟ್ ವುಡ್ರಫ್ ಆಗ ಇದರ ಮುಂದಾಳಾಗಿದ್ದರು. ಇಲ್ಲಿ ವಿಮಾನವಿಲ್ಲ, ತಾಳ್ಮೆಯೇ ಮುಖ್ಯ ಸಾಧನ. ಸೂಟ್‌ಕೇಸಿನಂತೆ ಎರಡು ಹೋಳಾಗಿ ತೆರೆಯುವ ತಂತಿಬಲೆಯ ಬೋನನ್ನು ಸಂಜೆ ತೊರೆಯ ಅಂಚಿನ ತೆಳುನೀರಿನಲ್ಲಿ ಬಿಚ್ಚಿಡುತ್ತಾರೆ. ಬೀವರ್ ತನ್ನ ಎಲ್ಲೆಯನ್ನು ಗುರುತಿಸಲು ಬಳಸುವ ಪರಿಮಳದ ದ್ರವವನ್ನು ಬದಿಯಲ್ಲಿ ಹಚ್ಚಿ, ಒಂದೆರಡು ಎಳೆ ಕೊಂಬೆ ಇಡುತ್ತಾರೆ. ನನ್ನ ಜಾಗಕ್ಕೆ ಬಂದವನು ಯಾರೆಂದು ನೋಡಲು ಬಂದ ಬೀವರ್ ನಡುವಿನ ತಟ್ಟೆ ತುಳಿದೊಡನೆ ಬೋನು ಮಡಚಿಕೊಳ್ಳುತ್ತದೆ. ತಲೆ ನೀರಿನ ಮೇಲೇ ಇರುವಂತೆ ಬೋನು ಇಡುವುದರಲ್ಲಿ ಜಾಣ್ಮೆ ಬೇಕು. ಬೆಳಗಾಗುತ್ತಲೇ ಹೋಗಿ ಬಿಡಿಸಬೇಕು. ತಡಮಾಡಿದರೆ ಬಿಸಿಲಿಗೆ ಪ್ರಾಣಿ ಬಳಲುತ್ತದೆ.

ಹಿಡಿದ ಬೀವರನ್ನು ನೇರ ಕಾಡಿಗೆ ಒಯ್ಯುವುದಿಲ್ಲ. ಗ್ರ್ಯಾಂಡ್ ಕೂಲೀ ಅಣೆಕಟ್ಟಿನಿಂದ ಸಾಲ್ಮನ್ ಮೀನುಗಳಿಗಾದ ನಷ್ಟಕ್ಕೆ ಪರಿಹಾರವಾಗಿ ವಿಂತ್ರಾಪ್‌ನಲ್ಲಿ ಸರಕಾರದ ಮೀನುಮರಿ ಸಾಕಣೆ ಕೇಂದ್ರ ಸ್ಥಾಪನೆಯಾಗಿತ್ತು. ಅದರ ಉದ್ದನೆಯ ಸಿಮೆಂಟ್ ತೊಟ್ಟಿಗಳೇ ಬೀವರ್‌ಗಳಿಗೆ ತಂಗುದಾಣವಾದವು. ಸಿಮೆಂಟ್ ಇಟ್ಟಿಗೆಗಳಿಂದ ಪುಟ್ಟ ಮನೆ, ತಿನ್ನಲು ವಿಲ್ಲೋ, ಆಸ್ಪೆನ್ ಕೊಂಬೆ. ಕುಟುಂಬ ಪೂರ್ತಿ ಸಿಕ್ಕಿದರೆ ಒಟ್ಟಿಗೇ ಇಡುತ್ತಾರೆ. ಒಂಟಿ ಸಿಕ್ಕಿದರೆ ಜೋಡಿ ಹುಡುಕಬೇಕು. ಇಲ್ಲೊಂದು ತಮಾಷೆ. ಬೀವರ್‌ನಲ್ಲಿ ಗಂಡು ಹೆಣ್ಣು ಹೊರಗಿನಿಂದ ಗೊತ್ತಾಗುವುದಿಲ್ಲ. ಗ್ರಂಥಿಯ ದ್ರವವನ್ನು ಮೂಸಿ ನೋಡಬೇಕು: ಎಂಜಿನ್ ಆಯಿಲಿನ ವಾಸನೆ ಬಂದರೆ ಗಂಡು, ಹಳೆಯ ಚೀಸಿನ ವಾಸನೆ ಬಂದರೆ ಹೆಣ್ಣು! ನಮ್ಮ ಮದುವೆ ದಲ್ಲಾಳಿಗಳ ಕೆಲಸ ಎಷ್ಟೋ ಹಗುರ.

ಜೋಡಿಯಾದ ಮೇಲೆ ಬೆಟ್ಟದ ಮೇಲಿನ ತೊರೆಗೆ ಪ್ರಯಾಣ. ಅಲ್ಲಿ ಮೊದಲೇ ಹೋಗಿ ನೋಡಿರುತ್ತಾರೆ. ವರ್ಷವಿಡೀ ನೀರಿದೆಯೇ? ತಿನ್ನಲು ಮರವಿದೆಯೇ? ಇಳಿಜಾರು ಹೆಚ್ಚಿಲ್ಲವಷ್ಟೇ? ಒಡ್ಡು ಬೆಳೆದರೆ ಕೆಳಗೆ ಯಾರ ಮನೆಗಾದರೂ ತೊಂದರೆಯಾದೀತೇ? ಎಲ್ಲವೂ ಸರಿಯಿದ್ದರೆ ದಿಮ್ಮಿ, ಕೊಂಬೆಗಳಿಂದ ಒಂದು ತಾತ್ಕಾಲಿಕ ಮನೆ ಕಟ್ಟಿ ಅದರೊಳಗೆ ಬಿಡುತ್ತಾರೆ. ಹಿಮ ಬೀಳುವ ಮೊದಲೇ ಅವು ಸ್ವಂತ ಮನೆ ಕಟ್ಟಿ, ಚಳಿಗಾಲಕ್ಕೆ ಕೊಂಬೆಗಳನ್ನು ನೀರಡಿಯಲ್ಲಿ ಕೂಡಿಡಬೇಕು. ಆದ್ದರಿಂದ ಬೇಸಿಗೆಯಲ್ಲೇ ಈ ವರ್ಗಾವಣೆ ಮುಗಿಯಬೇಕು.

ನೀರು ನಿಂತಾಗ

ಫಲ ಸಿಕ್ಕಿತೇ ಎಂದು ಕೇಳಬಹುದು. ಇದೇ ರಾಜ್ಯದ ಪಶ್ಚಿಮದಲ್ಲಿ ಟುಲಾಲಿಪ್ ಎಂಬ ಮೂಲನಿವಾಸಿ ಜನರು 2014ರಲ್ಲಿ ಇಂಥದ್ದೇ ಕೆಲಸ ಕೈಗೆತ್ತಿಕೊಂಡರು. ಸ್ಕೈಕೋಮಿಶ್ ನದಿಯ ಮೇಲ್ಭಾಗದಲ್ಲಿ ಬಿಟ್ಟ ಬೀವರ್‌ಗಳು ನೆಲೆ ನಿಂತ ಕಡೆ ಬೇಸಿಗೆಯಲ್ಲಿ ಒಡ್ಡಿನ ಕೆಳಗಿನ ನೀರು ಸರಾಸರಿ 2.3 ಡಿಗ್ರಿ ಸೆಲ್ಸಿಯಸ್ ತಂಪಾಗಿತ್ತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ನೆಲದೊಳಗೆ ಇಂಗಿದ ನೀರು ತಂಪಾಗಿ ಮತ್ತೆ ತೊರೆಗೆ ಜಿನುಗುವುದೇ ಇದರ ಗುಟ್ಟು. ಎರಡು ಡಿಗ್ರಿ ಎಂದರೆ ನಮಗೆ ಏನೂ ಅಲ್ಲ. ತಣ್ಣೀರು ಬೇಕಾದ ಸಾಲ್ಮನ್ ಮೀನಿಗೆ ಅದು ಜೀವ ಮರಣದ ಪ್ರಶ್ನೆ. ಮೆಟ್‌ಹೌಗೆ ಬರುವ ಸಾಲ್ಮನ್ ಸಮುದ್ರದಿಂದ 800 ಕಿ.ಮೀ.ಗೂ ಹೆಚ್ಚು ಈಜಿ, ಕೊಲಂಬಿಯಾದ ಒಂಬತ್ತು ಅಣೆಕಟ್ಟುಗಳನ್ನು ದಾಟಿ ಮೊಟ್ಟೆಯಿಡಲು ಬರುತ್ತದೆ. ಅಷ್ಟು ಕಷ್ಟಪಟ್ಟು ಹುಟ್ಟಿಸಿದ ಮರಿಗಳಿಗೆ ಬೀವರ್ ಕೊಳವೇ ಬಾಲವಾಡಿ.

ನಮ್ಮನ್ನು ಒಂದು ತೊರೆಯ ಬದಿಗೆ ಕರೆದೊಯ್ದವರು ಅಲ್ಲಿನ ಚರ್ಚಿನ ಹಿರಿಯ ಸೇಬು ಬೆಳೆಗಾರರೊಬ್ಬರು. 2014ರ ಕಾರ್ಲ್‌ಟನ್ ಕಾಂಪ್ಲೆಕ್ಸ್ ಕಾಳ್ಗಿಚ್ಚು ಈ ಕಣಿವೆಯಲ್ಲಿ ಎರಡೂವರೆ ಲಕ್ಷ ಎಕ್ರೆಗೂ ಹೆಚ್ಚು ಜಾಗವನ್ನು ಸುಟ್ಟಿತು. ನೂರಾರು ಮನೆಗಳು ಬೂದಿಯಾದವು. ಮರುವರ್ಷದ ಬೆಂಕಿಯಲ್ಲಿ ಟ್ವಿಸ್ಪ್ ಬಳಿ ಮೂವರು ಅಗ್ನಿಶಾಮಕ ಸಿಬ್ಬಂದಿ ಜೀವ ತೆತ್ತರು. ಆ ದಿನಗಳ ಬಗ್ಗೆ ಹೇಳುವಾಗ ಹಿರಿಯರ ದನಿ ತಗ್ಗಿತು.

“ನಮ್ಮ ಅಪ್ಪ ಬೀವರ್ ಕಂಡರೆ ಬಂದೂಕು ತೆಗೆಯುತ್ತಿದ್ದರು, ಫಾದರ್. ನಾನೂ ಕಡಿಮೆಯೇನಲ್ಲ. ಈಗ ನೋಡಿ, ಆ ಗುಡ್ಡ ಪೂರ್ತಿ ಸುಟ್ಟಿತ್ತು. ಇವು ಇದ್ದ ಈ ಪಟ್ಟಿ ಮಾತ್ರ ಹಸಿರಾಗಿ ಉಳಿಯಿತು” ಎಂದರು.

ಅವರು ತೋರಿಸಿದ ಕಡೆ ಕಪ್ಪು ಕಂಬಗಳಂತೆ ನಿಂತ ಪೈನ್ ಮರಗಳ ನಡುವೆ ವಿಲ್ಲೋ ಪೊದೆಗಳ ಹಸಿರು ಪಟ್ಟಿ, ಮೆಟ್ಟಿಲು ಮೆಟ್ಟಿಲಾದ ಕೊಳಗಳು. ಇದು ಅವರೊಬ್ಬರ ಅನುಭವವಲ್ಲ. ಅಮೆರಿಕದ ಪಶ್ಚಿಮದ ಐದು ರಾಜ್ಯಗಳ ಕಾಳ್ಗಿಚ್ಚುಗಳನ್ನು ಪರಿಶೀಲಿಸಿದ ಎಮಿಲಿ ಫೇರ್‌ಫ್ಯಾಕ್ಸ್ ಮತ್ತು ಅವರ ಸಹೋದ್ಯೋಗಿಯ 2020ರ ಅಧ್ಯಯನವೂ, ಬೀವರ್ ಇದ್ದ ತೊರೆಬದಿಯ ಗಿಡಮರಗಳಿಗೆ ಬೀವರ್ ಇಲ್ಲದ ಕಡೆಗಿಂತ ಮೂರನೇ ಒಂದು ಪಾಲು ಮಾತ್ರ ಹಾನಿಯಾಯಿತೆಂದು ಕಂಡುಕೊಂಡಿದೆ. ಒದ್ದೆ ನೆಲಕ್ಕೆ ಬೆಂಕಿ ಸುಲಭವಾಗಿ ಹತ್ತದು.

ಓಡಿಸುವುದೋ, ಕಳುಹಿಸುವುದೋ

ಎಲ್ಲ ಬೀವರ್‌ಗಳೂ ಬಿಟ್ಟಲ್ಲಿ ನಿಲ್ಲುವುದಿಲ್ಲ. ಕೆಲವು ನೀರಿನ ಜಾಡು ಹಿಡಿದು ಹೊರಟುಬಿಡುತ್ತವೆ. ಕೆಲವು ಚಿರತೆಯಂಥ ಕೂಗರ್‌ಗೆ ಆಹಾರವಾಗುತ್ತವೆ. ಖಾಲಿಯಾದ ತಗ್ಗಿನ ಜಾಗಕ್ಕೆ ಮತ್ತೊಂದು ಬೀವರ್ ಬಂದು ಸೇರುವುದೂ ಉಂಟು. ಆದ್ದರಿಂದ ಬಲ್ಲವರು ಮೊದಲು ಇದ್ದಲ್ಲೇ ಹೊಂದಿಕೊಂಡು ಹೋಗುವ ದಾರಿ ನೋಡಿ ಎನ್ನುತ್ತಾರೆ. ಮರದ ಬುಡಕ್ಕೆ ತಂತಿಬಲೆ ಸುತ್ತಿದರೆ ಗಿಡ ಉಳಿಯುತ್ತದೆ. ಮೋರಿಯ ಮುಂದೆ ಬೇಲಿ ಹಾಕಬಹುದು. ಒಡ್ಡಿನ ನಡುವೆ ದೊಡ್ಡ ಪೈಪು ತೂರಿಸಿದರೆ ಕೊಳವೂ ಇರುತ್ತದೆ, ನೀರೂ ಮಿತಿ ಮೀರದು. ಇದು ಯಾವುದೂ ಆಗದಿದ್ದರೆ ಮಾತ್ರ ವರ್ಗಾವಣೆ.

ಗುರುಗಳಾದ ನಮಗೆ ವರ್ಗಾವಣೆ ಹೊಸದಲ್ಲ! ಐದಾರು ವರ್ಷಕ್ಕೊಮ್ಮೆ ಪೆಟ್ಟಿಗೆ ಕಟ್ಟುವವರೇ ನಾವು. ಹಾಗಾಗಿ ಅಲ್ಲಿ ನಮಗೆ ಎದ್ದು ಕಂಡದ್ದು ಒಂದೇ ವಿಷಯ: ಓಡಿಸುವುದಕ್ಕೂ ಕಳುಹಿಸುವುದಕ್ಕೂ ಇರುವ ಅಂತರ. ಓಡಿಸುವವನ ಚಿಂತೆ ತನ್ನ ಅಂಗಳ ಖಾಲಿಯಾಗುವುದು ಮಾತ್ರ. ಕಳುಹಿಸುವವನು ಹೋಗುವ ಜಾಗವನ್ನು ನೋಡುತ್ತಾನೆ, ಜೊತೆಗಾರರನ್ನು ಕೊಡುತ್ತಾನೆ, ಮೊದಲ ರಾತ್ರಿಗೊಂದು ಸೂರು ಮಾಡುತ್ತಾನೆ, ಆಮೇಲೂ ಹೋಗಿ ವಿಚಾರಿಸುತ್ತಾನೆ.

ನಮ್ಮ ಗಡಿನಾಡಿಗೂ ಈ ಪಾಠ ಹತ್ತಿರದ್ದು. ಒಂದು ಊರಿನಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ಪಕ್ಕದ ಊರಿನ ಗುಡ್ಡದಲ್ಲಿ ಬಿಟ್ಟು ಬರುವುದನ್ನು ಯಾರು ಕಂಡಿಲ್ಲ? 2023ರ ನವೆಂಬರಿನಲ್ಲಿ ಬೇಲೂರಿನಲ್ಲಿ ಹಿಡಿದು, ರೇಡಿಯೋ ಕಾಲರ್ ತೊಡಿಸಿ ಬಂಡೀಪುರದ ಕಾಡಿಗೆ ಬಿಟ್ಟ ದಂತವಿಲ್ಲದ ಗಂಡಾನೆ ಗಡಿ ದಾಟಿ, 2024ರ ಫೆಬ್ರವರಿ 10ರಂದು ವಯನಾಡಿನ ಮಾನಂತವಾಡಿಯಲ್ಲಿ ಒಬ್ಬ ಗೃಹಸ್ಥರನ್ನು ಅವರ ನೆರೆಮನೆಯ ಅಂಗಳದಲ್ಲೇ ಕೊಂದಿತು. ಆನೆಯೂ ಬೀವರೂ ಒಂದೇ ಅಲ್ಲ, ಆನೆಯ ಕಷ್ಟವೇ ಬೇರೆ. ಆದರೆ ಒಂದು ಊರಿನ ಸಂಕಟವನ್ನು ಇನ್ನೊಂದು ಊರಿನ ಬಾಗಿಲಿಗೆ ಇಳಿಸಿದರೆ ಅದು ಪರಿಹಾರವಾಗದು. ಮೃಗಗಳ ವಿಷಯದಲ್ಲಿ ಮಾತ್ರವಲ್ಲ, ನಮ್ಮ ಮನೆಯ ಮುದಿ ತಂದೆತಾಯಿಯರ, ಹೊಂದಿಕೊಳ್ಳದ ಮಗನ, ವಾಳೆಯ ಜಗಳಗಂಟನ ವಿಷಯದಲ್ಲೂ ಇದು ಸತ್ಯ. ಎಲ್ಲೋ ಒಂದು ಕಡೆ ಬಿಟ್ಟು ಬಂದರೆ ಸಾಕೆಂದು ನಾವು ಅಂದುಕೊಳ್ಳುವಾಗ, ಅವರಿಗೊಂದು ಕೆಲಸವಿರುವ ಜಾಗ ಇದೆಯೇ ಎಂದು ಹುಡುಕುವವರು ಎಷ್ಟು ಮಂದಿ? ಎಲ್ಲ ಜೀವಿಗಳೂ ಒಂದಕ್ಕೊಂದು ಹೆಣೆದುಕೊಂಡಿವೆಯೆಂದು ಜಗದ್ಗುರು ಫ್ರಾನ್ಸಿಸ್ 2015ರಲ್ಲಿ ‘ಲಾವ್ದಾತೊ ಸೀ’ ಪತ್ರದಲ್ಲಿ ನಮಗೆ ನೆನಪಿಸಿದ್ದರು. ಮೆಟ್‌ಹೌ ತೊರೆಯ ಬದಿಯಲ್ಲಿ ಆ ಮಾತು ಕಣ್ಣಿಗೆ ಕಾಣುತ್ತದೆ.

ನಮ್ಮಲ್ಲಿ ಬೀವರ್ ಇಲ್ಲ, ತಂದು ಬಿಡಬೇಕಾಗಿಯೂ ಇಲ್ಲ. ನಮ್ಮ ತೋಡುಗಳಿಗೆ ಕಟ್ಟ ಕಟ್ಟುತ್ತಿದ್ದವರು ನಾವೇ. ಬೋರ್‌ವೆಲ್, ಪಂಪು ಬಂದ ಮೇಲೆ ಹಲವು ಕಡೆ ಕಟ್ಟಗಳು ನಿಂತುಹೋದವು. ಬಾವಿಯ ನೀರು ಇಳಿದಾಗ ಇನ್ನೂ ಆಳಕ್ಕೆ ಕೊರೆದೆವು. ಈ ವರ್ಷ ಮಳೆ ಬಿಟ್ಟ ಮೇಲೆ, ತೋಡಿನಲ್ಲಿ ಇನ್ನೂ ನೀರು ಹರಿಯುತ್ತಿರುವಾಗಲೇ, ಪ್ರತಿ ವಾಳೆಯವರೂ ಒಂದು ಭಾನುವಾರ ಪೂಜೆಯ ನಂತರ ಹಾರೆ, ಬುಟ್ಟಿ ಹಿಡಿದು ಇಳಿಯಬಾರದೇಕೆ? ಜಾಗ ತೋರಿಸಲು ಹಿರಿಯರಿದ್ದಾರೆ, ಕಲ್ಲು ಹೊರಲು ಯುವಕರಿದ್ದಾರೆ. ಕೆಳಗಿನ ತೋಟದವರನ್ನು ಮೊದಲು ಕೇಳಿಕೊಂಡು, ಅವರು ಯಾವ ಧರ್ಮದವರೇ ಆಗಿರಲಿ, ಅವರನ್ನೂ ಜೊತೆಗೆ ಕರೆಯೋಣ. ಗುರಿಕಾರರು ದಿನ ಗೊತ್ತುಮಾಡಿ ತಿಳಿಸಲಿ. ಬುಟ್ಟಿ ಹೊರಲು ನಾವೂ ಬರುತ್ತೇವೆ.